ಕೆಲಸ ಹೋದ ಮೇಲೆ ಎದುರಾಗುವ ಆಯ್ಕೆಗಳು: ದಾವಣಗೆರೆಯಿಂದ ಒಂದು ಹೋಲಿಕೆ

ಹರಿಹರದ ಬಳಿಯ ಒಂದು ಕಾರ್ಖಾನೆಯಲ್ಲಿ 14 ವರ್ಷ ಸ್ಟೋರ್ಸ್ ಗುಮಾಸ್ತನಾಗಿದ್ದ ನನ್ನನ್ನು, ಆರ್ಡರ್ ಕಡಿಮೆಯಾಗಿದೆಯೆಂಬ ಕಾರಣ ಹೇಳಿ ಇನ್ನೂ ಹಲವರ ಜೊತೆಗೆ ಕೆಲಸದಿಂದ ತೆಗೆದಾಗ ನನಗೆ 43 ವರ್ಷ. ಮಗಳು ಎಸ್ಸೆಸ್ಸೆಲ್ಸಿಗೆ ಬಂದಿದ್ದಳು, ಮನೆ ಸಾಲದ ಕಂತು ಇನ್ನೂ ಆರು ವರ್ಷ ಬಾಕಿ ಇತ್ತು. ಆಮೇಲಿನ ಐದು ತಿಂಗಳಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳಲ್ಲಿ ಕೆಲವು ಸರಿಹೋದವು, ಕೆಲವಕ್ಕೆ ದಂಡ ತೆತ್ತೆ. ಈಗ ದಾವಣಗೆರೆಯಲ್ಲೇ ಮೆಕ್ಕೆಜೋಳದ ವ್ಯಾಪಾರ ಮಾಡುವ ಸಂಸ್ಥೆಯೊಂದರಲ್ಲಿ ಗೋದಾಮಿನ ಉಸ್ತುವಾರಿ ನನ್ನದು. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನಕ್ಕೆ ನನ್ನನ್ನೂ ಕೂರಿಸುತ್ತಾರೆ. ಮೇಜಿನ ಎರಡೂ ಬದಿಯಲ್ಲಿ ಕುಳಿತು ಕಂಡದ್ದನ್ನು ಇಲ್ಲಿ ಒಂದಕ್ಕೊಂದು ಹೋಲಿಸಿ ಇಡುತ್ತಿದ್ದೇನೆ.

ಕೆಲಸ ಕಳೆದುಕೊಂಡವರಿಗೆ ಧೈರ್ಯ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ‘ಏನೂ ಆಗಲ್ಲ ಬಿಡ್ರಿ, ಎಲ್ಲಾ ಸರಿಹೋಗುತ್ತೆ’ ಎಂದು ಚಹಾ ಕುಡಿಸಿ ಕಳಿಸುತ್ತಾರೆ. ಅದರಲ್ಲಿ ಪ್ರೀತಿ ಇದೆ, ನಿಜ. ಆದರೆ ಧೈರ್ಯ ಬಹುಪಾಲು ಲೆಕ್ಕದಿಂದ ಬರುತ್ತದೆ ಎಂಬುದು ನನ್ನ ಅನುಭವ. ಕೈಯಲ್ಲಿರುವ ಹಣದಲ್ಲಿ ಮನೆ ಎಷ್ಟು ತಿಂಗಳು ನಡೆಯುತ್ತದೆ ಎಂಬುದು ಖಚಿತವಾಗಿ ಗೊತ್ತಿರುವ ಮನುಷ್ಯ ಸಂದರ್ಶನದಲ್ಲಿ ಕೂರುವ ರೀತಿಯೇ ಬೇರೆ, ಸಂಬಳ ಕೇಳುವ ರೀತಿಯೇ ಬೇರೆ. ಆದ್ದರಿಂದ ಮುಂದೆ ಬರುವ ಪ್ರತಿಯೊಂದು ಆಯ್ಕೆಯನ್ನೂ ನಾನು ಅದೇ ತಕ್ಕಡಿಯಲ್ಲಿ ತೂಗಿದ್ದೇನೆ.

ರಾಜೀನಾಮೆಯೋ, ಕಡಿತದ ಪತ್ರವೋ

ಕೆಲಸದಿಂದ ತೆಗೆಯುವ ದಿನ ಬಹಳ ಕಡೆ ನಡೆಯುವುದು ಹೀಗೆ: ಎಚ್.ಆರ್. ಕೋಣೆಗೆ ಕರೆಯುತ್ತಾರೆ, ಕೂರಿಸಿ ನೀರು ಕೊಡುತ್ತಾರೆ, ಆಮೇಲೆ ಮೊದಲೇ ಟೈಪ್ ಮಾಡಿಟ್ಟ ರಾಜೀನಾಮೆ ಪತ್ರವನ್ನು ಮುಂದೆ ಸರಿಸುತ್ತಾರೆ. ‘ಟರ್ಮಿನೇಷನ್ ಅಂತ ಇದ್ರೆ ನಿಮ್ಗೇ ಮುಂದೆ ತೊಂದ್ರೆ, ನೀವಾಗೇ ಬಿಟ್ಟ ಹಂಗೆ ಇರ್ಲಿ’ ಎಂಬ ಮಾತು ಆ ಹೊತ್ತಿಗೆ ಹಿತವಾಗಿಯೇ ಕೇಳಿಸುತ್ತದೆ. ನಾನು ಅದನ್ನು ನಂಬಿ ಸಹಿ ಹಾಕಿದೆ. ಪತ್ರ ಓದಲು ಒಂದು ರಾತ್ರಿ ಸಮಯ ಕೊಡಿ ಎಂದು ಕೇಳಬಹುದಿತ್ತೆಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಎರಡು ಪತ್ರಗಳಿಗೂ ಹಣದಲ್ಲಿ ಇರುವ ವ್ಯತ್ಯಾಸ ದೊಡ್ಡದು. ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕಂಪನಿಯೇ ಕಡಿತ ಮಾಡಿದರೆ, ಅಂದರೆ ಅವನ ತಪ್ಪಿಲ್ಲದೆ ಹುದ್ದೆ ತೆಗೆದು ಮನೆಗೆ ಕಳಿಸಿದರೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಹೊಸ ಸಂಹಿತೆಯಲ್ಲಿ ಇದರ ಮೇಲೆ ಇನ್ನೊಂದು ಅನುಕೂಲವಿದೆ: ಕಡಿತಗೊಂಡ ಕಾರ್ಮಿಕನ ಕೊನೆಯ ಸಂಬಳದ 15 ದಿನದಷ್ಟು ಮೊತ್ತವನ್ನು ಮಾಲೀಕರು, ಹೊಸ ಕೆಲಸ ಕಲಿಯಲು ನೆರವಾಗಲೆಂದು ಇರುವ ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಅವನ ಖಾತೆಗೆ ಜಮೆಯಾಗಬೇಕು. ರಾಜೀನಾಮೆ ಬರೆದುಕೊಟ್ಟವನು ಇವೆಲ್ಲವನ್ನೂ ತಾನಾಗಿಯೇ ಬಿಟ್ಟುಕೊಟ್ಟ ಹಾಗೆ. ವ್ಯವಸ್ಥಾಪಕ ಹುದ್ದೆಯವರಿಗೆ ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳವಿರುವ ಮೇಲ್ವಿಚಾರಕರಿಗೆ ಈ ರಕ್ಷಣೆ ಇಲ್ಲ. ಅವರ ಪಾಲಿಗೆ ನೇಮಕಾತಿ ಪತ್ರದಲ್ಲಿ ಬರೆದಿರುವ ನೋಟಿಸ್ ಅವಧಿಯೇ ಆಧಾರ. ಹುದ್ದೆಯ ಹೆಸರು ‘ಎಕ್ಸಿಕ್ಯುಟಿವ್’ ಎಂದಿದ್ದ ಮಾತ್ರಕ್ಕೆ ಯಾರೂ ವ್ಯವಸ್ಥಾಪಕರಾಗುವುದಿಲ್ಲ, ನಿತ್ಯ ಮಾಡುತ್ತಿದ್ದ ಕೆಲಸ ಯಾವುದೆಂಬುದೇ ಮುಖ್ಯ ಎನ್ನುವುದನ್ನೂ ನೆನಪಿಡಬೇಕು.

ಬಹಳ ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಗ್ರಾಚ್ಯುಟಿ, ಮಾತ್ರ ಎರಡೂ ದಾರಿಯಲ್ಲಿ ಸಿಗುತ್ತದೆ. ಐದು ವರ್ಷ ಸತತ ಸೇವೆಯಾಗಿದ್ದರೆ, ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ನನ್ನದು 26,000 ರೂಪಾಯಿ ಇದ್ದುದರಿಂದ ವರ್ಷಕ್ಕೆ 15,000ದಂತೆ 14 ವರ್ಷಕ್ಕೆ 2,10,000 ರೂಪಾಯಿ ಬಂತು. 30 ದಿನದೊಳಗೆ ಕೊಡಬೇಕೆಂಬುದು ನಿಯಮ.

ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಬಗ್ಗೆ ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು. ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನದ ಗಳಿಕೆಯ ಶೇ. 50ರಷ್ಟನ್ನು ಗರಿಷ್ಠ 90 ದಿನದವರೆಗೆ ಕೊಡುವ ಯೋಜನೆ ಇದು. 2018ರಲ್ಲಿ ಆರಂಭವಾಗಿ ಅವಧಿ ವಿಸ್ತರಣೆಯಾಗುತ್ತಾ ಬಂದಿರುವುದರಿಂದ, ಅರ್ಜಿ ಹಾಕುವ ದಿನಕ್ಕೆ ಜಾರಿಯಲ್ಲಿದೆಯೇ ಎಂದು ಕೇಳಿಕೊಳ್ಳುವುದು ಕ್ಷೇಮ. ಸ್ವಯಂ ನಿವೃತ್ತಿ ಪಡೆದವರಿಗೆ ಇದು ಸಿಗುವುದಿಲ್ಲ. ಎರಡು ಪತ್ರಗಳ ವ್ಯತ್ಯಾಸ ಇಲ್ಲಿಯೂ ಕಾಡುತ್ತದೆ.

ಹಾಗಾದರೆ ರಾಜೀನಾಮೆ ಯಾರಿಗೆ ಸರಿ? ಬೇರೆ ಕೆಲಸ ಆಗಲೇ ಕೈಯಲ್ಲಿರುವವರಿಗೆ, ಸೇವೆ ಒಂದು ವರ್ಷವೂ ಆಗದವರಿಗೆ, ಅಥವಾ ಕಾನೂನಿನ ಪರಿಹಾರಕ್ಕಿಂತ ಹೆಚ್ಚಿನ ಮೊತ್ತವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡವರಿಗೆ. ಉಳಿದವರಿಗೆ ಕಡಿತದ ಪತ್ರವೇ ಮೇಲು. ಮುಂದಿನ ಕೆಲಸಕ್ಕೆ ತೊಂದರೆಯಾಗುತ್ತದೆ ಎಂಬ ಹೆದರಿಕೆಯಲ್ಲಿ ಹುರುಳಿಲ್ಲ. ಈಗ ಆ ಬದಿಯಲ್ಲಿ ಕೂರುವವನಾಗಿ ಹೇಳುತ್ತೇನೆ: ‘ಆರ್ಡರ್ ಇಳಿಕೆಯ ಕಾರಣ ಹುದ್ದೆ ರದ್ದು’ ಎಂದು ಬರೆದ ಪತ್ರ ನೋಡಿದಾಗ ನನ್ನ ಮನಸ್ಸಿಗೆ ಸಮಾಧಾನವಾಗುತ್ತದೆ; ಸುಮ್ಮನೆ ರಾಜೀನಾಮೆ ಕೊಟ್ಟು ನಾಲ್ಕು ತಿಂಗಳು ಮನೆಯಲ್ಲಿದ್ದವರನ್ನು ಕಂಡಾಗಲೇ ‘ಯಾಕಿರಬಹುದು’ ಎಂಬ ಅನುಮಾನ ಹುಟ್ಟುವುದು. ಅರ್ಜಿಯಲ್ಲಿ ‘ಲೇಆಫ್’ ಎಂಬ ಪದವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಆಡುಮಾತಿನಲ್ಲಿ ಅದಕ್ಕೆ ಯಾವ ಅರ್ಥವಿದ್ದರೂ ಕಾನೂನಿನಲ್ಲಿ ಅದು ಹುದ್ದೆ ಉಳಿದಿರುವಾಗಲೇ ತಾತ್ಕಾಲಿಕವಾಗಿ ಕೆಲಸ ಕೊಡದಿರುವ ಸ್ಥಿತಿ. ‘ಹುದ್ದೆ ರದ್ದಾಯಿತು’ ಎಂದು ಬರೆದರೆ ಗೊಂದಲವಿಲ್ಲ.

ಕಾಯುವುದೋ, ಸಿಕ್ಕಿದ್ದನ್ನು ಹಿಡಿಯುವುದೋ

ದಾವಣಗೆರೆಯವರಿಗೆ ಬಾಗಿಲು ಹಾಕಿದ ಗಿರಣಿ ಹೊಸ ಸುದ್ದಿಯೇನಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಗಿರಣಿ ಮತ್ತೆ ಶುರುವಾಗುತ್ತದೆ ಎಂದು ಕಾಯುತ್ತಾ ಕಟ್ಟೆಯ ಮೇಲೆ ಕೂತಿರುತ್ತಿದ್ದ ಹಿರಿಯರನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಅವರ ಪೈಕಿ ಬೇಗನೆ ಬೇರೆ ದಾರಿ ಹಿಡಿದವರ ಮನೆಗಳು ಬೇಗ ಚೇತರಿಸಿಕೊಂಡವು. ಹಳೆಯ ಕಂಪನಿ ಮತ್ತೆ ಜನರನ್ನು ತೆಗೆದುಕೊಳ್ಳುವಾಗ ಕಡಿತಗೊಂಡವರಿಗೆ ಮೊದಲು ಅವಕಾಶ ಕೊಡಬೇಕೆಂಬ ನಿಯಮವಿದೆ, ಹೊಸ ಸಂಹಿತೆಯಲ್ಲಿ ಅದಕ್ಕೆ ಒಂದು ವರ್ಷದ ಮಿತಿ ಇದೆ. ವಿಳಾಸ ಮತ್ತು ಫೋನ್ ನಂಬರ್ ಅವರ ಬಳಿ ಸರಿಯಾಗಿರುವಂತೆ ನೋಡಿಕೊಂಡು, ಆ ಆಸೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಆದರೆ ಬೇಗ ದಾರಿ ಹಿಡಿಯುವುದು ಬೇರೆ, ಹೆದರಿ ಹಿಡಿಯುವುದು ಬೇರೆ. ನನ್ನ ಬಳಿ ಗ್ರಾಚ್ಯುಟಿಯ 2,10,000, ಬ್ಯಾಂಕಿನಲ್ಲಿದ್ದ 60,000, ಒಟ್ಟು 2,70,000 ರೂಪಾಯಿ ಇತ್ತು. ಕಂತು, ರೇಷನ್, ಶಾಲೆ, ಅವ್ವನ ಔಷಧ, ತಿಂಗಳ ಚೀಟಿ ಎಲ್ಲಾ ಸೇರಿ ಖರ್ಚು 30,000. ಅಂದರೆ ಒಂಬತ್ತು ತಿಂಗಳು ಮನೆ ನಡೆಯುತ್ತಿತ್ತು. ಈ ಭಾಗಾಕಾರವನ್ನು ನಾನು ಮಾಡಿದ್ದು ಕೆಲಸ ಹೋಗಿ ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಮೂರನೇ ವಾರದಲ್ಲೇ ಗಾಬರಿಬಿದ್ದು ಅರ್ಧ ಸಂಬಳಕ್ಕೆ ಒಂದು ಕಡೆ ಸೇರಿ, ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಅಲ್ಲೇ ಇದ್ದು, ಬೇರೆ ಯಾವ ಅರ್ಜಿಯನ್ನೂ ಹಾಕಲಾಗದೆ 40ನೇ ದಿನ ಬಿಟ್ಟೆ.

ನನ್ನ ಅಂದಾಜಿನಲ್ಲಿ ಮೂರು ತಿಂಗಳಿಗಿಂತ ಕಡಿಮೆ ಹಣವಿರುವವರು ಸಿಕ್ಕಿದ ಕೆಲಸ ಹಿಡಿಯಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆರು ತಿಂಗಳಿಗೆ ಸಾಕಾಗುವಷ್ಟಿದ್ದರೆ ಕ್ಯಾಲೆಂಡರಿನಲ್ಲಿ ಒಂದು ದಿನಾಂಕಕ್ಕೆ ಗುರುತು ಹಾಕಿ, ಆ ತನಕ ತಮ್ಮ ಕಸುಬಿಗೆ ಒಪ್ಪುವ ಕೆಲಸವನ್ನೇ ಹುಡುಕಬೇಕು. ಜೂನ್ ಹತ್ತಿರವಿದ್ದರೆ ಶಾಲೆಯ ಫೀಸನ್ನು ಮೊದಲೇ ಕಳೆದು ಎಣಿಸಬೇಕು. ಪಿ.ಎಫ್. ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಪಿ.ಎಫ್.ನ ಜೊತೆಗೇ ಇರುವ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಎಂಟೊಂಬತ್ತು ವರ್ಷವಾದವರು ಪಿಂಚಣಿಯ ಭಾಗವನ್ನೂ ಹಿಂದಕ್ಕೆ ಪಡೆದರೆ ಸೇವೆಯ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಈ ಎರಡರ ನಡುವೆ ಯಾರೂ ಹೇಳದ ಮೂರನೆಯ ದಾರಿಯೊಂದಿದೆ, ನನ್ನನ್ನು ಉಳಿಸಿದ್ದು ಅದೇ. ಜಿ.ಎಸ್.ಟಿ.ಯ ಮಾರಾಟದ ವಿವರವನ್ನು ಪ್ರತಿ ತಿಂಗಳ 11ರೊಳಗೆ, 3ಬಿ ರಿಟರ್ನನ್ನು 20ರೊಳಗೆ ಸಲ್ಲಿಸಬೇಕಾದ್ದರಿಂದ ಆ ದಿನಗಳಲ್ಲಿ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಏರಿಸುವ ಕೈಗಳು ಸಾಲುವುದಿಲ್ಲ. ನಾನು ಎರಡು ತಿಂಗಳು ಮಧ್ಯಾಹ್ನ ಎರಡರಿಂದ ಎಂಟರವರೆಗೆ ಅಂಥ ಒಂದು ಕಚೇರಿಯಲ್ಲಿ ಕೂತೆ. ಸಿಕ್ಕಿದ ಹಣ ಹೆಚ್ಚಲ್ಲ, ಆದರೆ ಬೆಳಗಿನ ಹೊತ್ತು ಸಂದರ್ಶನಕ್ಕೆ ಉಳಿಯುತ್ತಿತ್ತು ಮತ್ತು ‘ಈಗ ಏನ್ ಮಾಡ್ತಿದ್ದೀರಿ’ ಎಂಬ ಪ್ರಶ್ನೆಗೆ ಸುಳ್ಳಲ್ಲದ ಉತ್ತರವೊಂದು ಇತ್ತು.

ಅರ್ಜಿ ಯಾವ ದಾರಿಯಿಂದ ಹೋಗಬೇಕು

ಪರಿಚಯದವರ ಮೂಲಕ, ಕಾರ್ಖಾನೆಯ ಗೇಟಿಗೆ ನೇರವಾಗಿ ಹೋಗಿ, ಪೋರ್ಟಲ್ ಮೂಲಕ, ಕನ್ಸಲ್ಟೆನ್ಸಿ ಮೂಲಕ: ನಮ್ಮ ಭಾಗದಲ್ಲಿ ದಾರಿಗಳು ಇವೇ. ಕೊನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ಅದರ ಬಗ್ಗೆ ಹೇಳುವುದು ಬಹಳವಿಲ್ಲ. ನೋಂದಣಿಗೆಂದು 3,500 ರೂಪಾಯಿ ತೆಗೆದುಕೊಂಡ ಒಂದು ಕಚೇರಿ ನನ್ನನ್ನು ಎರಡು ವಿಳಾಸಕ್ಕೆ ಕಳಿಸಿತು. ಎರಡೂ ಕಡೆ ಖಾಲಿ ಹುದ್ದೆಯೇ ಇರಲಿಲ್ಲ. ನ್ಯಾಯವಾಗಿ ನಡೆಯುವ ಏಜೆನ್ಸಿಗಳು ಹಣ ಪಡೆಯುವುದು ಕೆಲಸ ಕೊಡುವ ಕಂಪನಿಯಿಂದ. ನಿಮ್ಮಿಂದ ಹಣ ಕೇಳಿದರೆ, ಅಥವಾ ಮೂಲ ಅಂಕಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತೇವೆಂದರೆ ಎದ್ದು ಬನ್ನಿ.

ಪೋರ್ಟಲ್‌ಗಳಲ್ಲಿ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್‌ಗೆ ಶುಲ್ಕವಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಿಚಾರಿಸಿದರೆ ಉದ್ಯೋಗ ಮೇಳಗಳ ಸುದ್ದಿಯೂ ತಿಳಿಯುತ್ತದೆ. ನೌಕ್ರಿ, ಲಿಂಕ್ಡ್‌ಇನ್‌ನಂಥವು ಬೆಂಗಳೂರು, ಹುಬ್ಬಳ್ಳಿಯ ಕೆಲಸಗಳಿಗೆ ಬೇಕೇ ಬೇಕು. ಆದರೆ ದಾವಣಗೆರೆಯ ಮಂಡಿಪೇಟೆಯ ವರ್ತಕರಾಗಲಿ ಚಳ್ಳಕೆರೆಯ ಎಣ್ಣೆ ಮಿಲ್ಲಿನವರಾಗಲಿ ಲೆಕ್ಕ ಬರೆಯುವವನನ್ನು ಪೋರ್ಟಲಿನಲ್ಲಿ ಹುಡುಕುವುದನ್ನು ನಾನು ಕಂಡಿಲ್ಲ. ಅವರು ಪಕ್ಕದ ಅಂಗಡಿಯವರನ್ನು ಕೇಳುತ್ತಾರೆ.

ಪರಿಚಯದವರ ದಾರಿ ಅದಕ್ಕೇ ಇಲ್ಲಿ ಉಳಿದೆಲ್ಲಕ್ಕಿಂತ ಮುಂದೆ. ಆ ದಾರಿಯಲ್ಲಿ ಹೋಗಬೇಕಾದರೆ ಕೆಲಸ ಹೋಗಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಕಷ್ಟ ಇರುವುದು ಅಲ್ಲೇ. ನಾನು ಹೆಂಡತಿಗೆ ಅದೇ ರಾತ್ರಿ ಹೇಳಿದೆ. ಓಣಿಯವರಿಗೆ ಮಾತ್ರ ಎರಡು ತಿಂಗಳು ‘ರಜೆ ಮೇಲಿದ್ದೀನಿ’ ಎನ್ನುತ್ತಿದ್ದೆ. ಮೂರು ಮನೆ ಆಚೆ ಇರುವವರೊಬ್ಬರು ಎ.ಪಿ.ಎಂ.ಸಿ.ಯ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಒಂದು ದಿನ ಹಾಲಿನ ಅಂಗಡಿಯ ಮುಂದೆ ಸುಳ್ಳು ಹೇಳಲಾರದೆ ನಿಜ ಹೇಳಿಬಿಟ್ಟಾಗ ಅವರು, ‘ಮೊದ್ಲೇ ಹೇಳ್ಬಾರ್ದೇನ್ರೀ ಮಾರಾಯ್ರೇ, ಹೋದ ತಿಂಗಳೇ ಒಬ್ರು ಗೋದಾಮಿಗೆ ಜನ ಬೇಕು ಅಂತಿದ್ರು’ ಎಂದರು. ಆ ಜಾಗ ತುಂಬಿಹೋಗಿತ್ತು. ಈಗಿನ ಕೆಲಸದ ಸುದ್ದಿ ತಂದವರೂ ಅವರೇ, ಮತ್ತೆರಡು ತಿಂಗಳ ನಂತರ.

ಹೇಳುವ ರೀತಿಯಲ್ಲೂ ಎರಡು ಬಗೆ. ‘ಎಲ್ಲಾದ್ರೂ ಏನಾದ್ರೂ ಕೆಲಸ ಇದ್ರೆ ನೋಡ್ರಿ’ ಎಂದರೆ ಕೇಳಿದವರು ಆಯಿತೆನ್ನುತ್ತಾರೆ, ಮರೆಯುತ್ತಾರೆ. ಯಾವ ಕೆಲಸ ಬಂದರೂ ಅವರಿಗೆ ನಿಮ್ಮ ಮುಖ ನೆನಪಾಗುವುದಿಲ್ಲ. ‘ಸ್ಟೋರ್ಸ್ ಇಲ್ಲವೇ ಗೋದಾಮಿನ ಕೆಲಸ, ಟ್ಯಾಲಿ ಬರುತ್ತೆ, ದಾವಣಗೆರೆ ಹರಿಹರ ರಾಣೆಬೆನ್ನೂರಿನ ಒಳಗೆ, 22 ಸಾವಿರದ ಮೇಲೆ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಅಥವಾ ಅಷ್ಟನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ, ಅವರು ಅದನ್ನೇ ಮುಂದಕ್ಕೆ ದಾಟಿಸಬಹುದು.

ಗೇಟಿಗೆ ನೇರವಾಗಿ ಹೋಗುವುದು ಹಳೆಯ ಪದ್ಧತಿ ಎಂದು ಹುಡುಗರು ನಗುತ್ತಾರೆ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಎರಡು ದಿನ ಓಡಾಡಿ 11 ಕಡೆ ಅರ್ಜಿ ಕೊಟ್ಟವನಾಗಿ ಹೇಳುವುದಾದರೆ, ನಾಲ್ಕು ಕಡೆ ಒಳಗೆ ಕರೆದು ಮಾತಾಡಿಸಿದರು. ಕಾವಲುಗಾರನ ಕೈಗೆ ಕಾಗದ ಕೊಟ್ಟು ಬರುವುದಕ್ಕಿಂತ ‘ಸ್ಟೋರ್ಸ್ ಯಾರು ನೋಡ್ಕೋತಾರೆ’ ಎಂದು ಹೆಸರು ಕೇಳಿ, ಲಕೋಟೆಯ ಮೇಲೆ ಆ ಹೆಸರು ಬರೆದು ಕೊಡುವುದು ಲೇಸು. ಕಾಲವೂ ಮುಖ್ಯ: ಮುಂಗಾರಿನ ಮೆಕ್ಕೆಜೋಳ ಅಕ್ಟೋಬರಿನಿಂದ ಮಾರುಕಟ್ಟೆಗೆ ಬರತೊಡಗುವುದರಿಂದ ಗೋದಾಮು ಮತ್ತು ಸಾಗಣೆಯ ಕೆಲಸಗಳಿಗೆ ಸೆಪ್ಟೆಂಬರಿನಲ್ಲೇ ಹೋಗಿ ಮಾತಾಡಿರಬೇಕು.

ಬಯೋಡೇಟಾದ ಬಗ್ಗೆ ಒಂದೇ ಮಾತು, ಆದರೆ ಸ್ವಲ್ಪ ಉದ್ದ. ನನ್ನ ಮೊದಲನೆಯದರಲ್ಲಿ ‘ಸ್ಟೋರ್ಸ್ ವಿಭಾಗದ ಸಮಸ್ತ ಜವಾಬ್ದಾರಿಯನ್ನು ಯಶಸ್ವಿಯಾಗಿ ನಿರ್ವಹಿಸಿದ್ದೇನೆ’ ಎಂದಿತ್ತು. ಓದಿದವರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಅದನ್ನು ಹೊಡೆದುಹಾಕಿ, ‘ತಿಂಗಳಿಗೆ 400ಕ್ಕೂ ಹೆಚ್ಚು ಜಿ.ಆರ್.ಎನ್. (ಸರಕು ಬಂದ ರಸೀದಿ) ಬರೆದಿದ್ದೇನೆ; ಬಿನ್ ಕಾರ್ಡ್ ಮತ್ತು ಕಂಪ್ಯೂಟರ್ ಸ್ಟಾಕ್ ಎರಡನ್ನೂ ಪ್ರತಿ ಶನಿವಾರ ತಾಳೆ ನೋಡುತ್ತಿದ್ದೆ; ಇ-ವೇ ಬಿಲ್ ಮತ್ತು ಗೇಟ್ ಪಾಸ್ ನಾನೇ ತಯಾರಿಸುತ್ತಿದ್ದೆ’ ಎಂದು ಬರೆದೆ. ಕರೆಗಳು ಬರತೊಡಗಿದ್ದು ಎರಡನೆಯದಕ್ಕೆ. ಎಲ್ಲೆಡೆಗೂ ಒಂದೇ ಬಯೋಡೇಟಾ ಸಾಕೇ ಎಂದು ಕೇಳುವವರಿಗೆ ನನ್ನ ಉತ್ತರ: ಒಂದೇ ಸಾಕು, ಆದರೆ ಮೊದಲ ಮೂರು ಸಾಲು ಆ ಜಾಗಕ್ಕೆ ತಕ್ಕಂತೆ ಬದಲಾಗಬೇಕು.

‘ಯಾಕ್ ಬಿಟ್ರಿ?’

ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರಗಳು ಮೂರು ಬಗೆಯವು, ಮೂರನ್ನೂ ಈಗ ನಾನು ಆ ಬದಿಯಿಂದ ಕೇಳಿದ್ದೇನೆ. ಮೊದಲನೆಯದು ಮುಚ್ಚಿಡುವುದು: ಇನ್ನೂ ಅಲ್ಲೇ ಇದ್ದೇನೆ ಎನ್ನುವುದು, ಅಥವಾ ಬಿಟ್ಟ ದಿನಾಂಕವನ್ನು ಮುಂದಕ್ಕೆ ತಳ್ಳುವುದು. ಪಿ.ಎಫ್.ನ ಯು.ಎ.ಎನ್. (ಕೆಲಸ ಬದಲಾದರೂ ಬದಲಾಗದ ಸದಸ್ಯ ಸಂಖ್ಯೆ) ದಾಖಲೆಯಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ ಎರಡೂ ಇರುತ್ತವೆ. ಸೇರಿಸಿಕೊಳ್ಳುವ ಹೊತ್ತಿಗೆ ಗುಟ್ಟು ತಾನಾಗಿ ಹೊರಬೀಳುತ್ತದೆ. ಹಳೆಯ ಕಂಪನಿ ಬಿಟ್ಟ ದಿನಾಂಕವನ್ನು ತುಂಬದೇ ಹೋಗಿದ್ದರೆ ಎರಡು ತಿಂಗಳ ನಂತರ ನೌಕರನೇ ಪೋರ್ಟಲಿನಲ್ಲಿ ಅದನ್ನು ನಮೂದಿಸಬಹುದು. ಈ ಕೆಲಸವನ್ನು ಸಂದರ್ಶನಕ್ಕೆ ಮುಂಚೆಯೇ ಮುಗಿಸಿರಬೇಕು.

ಎರಡನೆಯದು ಬಯ್ಯುವುದು. ಕಳೆದ ವರ್ಷ ಬಂದಿದ್ದ ಒಬ್ಬರು ಕೆಲಸ ಚೆನ್ನಾಗಿ ಬಲ್ಲವರು. ಆದರೆ ಹಳೆಯ ಮ್ಯಾನೇಜರ್, ಅವರ ಭಾವಮೈದ, ಯೂನಿಯನ್ನಿನ ಒಳಜಗಳ ಎಲ್ಲವನ್ನೂ ಇಪ್ಪತ್ತು ನಿಮಿಷ ಹೇಳಿದರು. ಹೇಳಿದ್ದೆಲ್ಲ ನಿಜವೇ ಇರಬಹುದು. ನಾಳೆ ನಮ್ಮ ಬಗ್ಗೆಯೂ ಹೀಗೆಯೇ ಹೇಳುತ್ತಾರೇನೋ ಎಂಬ ಯೋಚನೆ ಬಂದಮೇಲೆ ಅವರ ಅನುಭವದ ಕಡೆಗೆ ಗಮನವೇ ಹೋಗಲಿಲ್ಲ.

ಮೂರನೆಯದು ಎರಡು ವಾಕ್ಯದ ನಿಜ. ‘ಆರ್ಡರ್ ಕಡಿಮೆಯಾಗಿ ನಮ್ಮ ವಿಭಾಗದಲ್ಲಿ ಐದು ಹುದ್ದೆ ತೆಗೆದರು, ಅದರಲ್ಲಿ ನನ್ನದೂ ಒಂದು. 14 ವರ್ಷ ಇದ್ದೆ, ಸ್ಟಾಕ್ ಪೂರ್ತಿ ಒಪ್ಪಿಸಿ ಸಹಿ ಪಡೆದು ಬಂದಿದ್ದೇನೆ.’ ಇಷ್ಟು ಹೇಳಿ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ, ಎದುರಿನವರು ಸುಮ್ಮನಿದ್ದಾಗ ಆ ಮೌನವನ್ನು ತುಂಬಲು ಹೋಗಿ ನಾವೇ ಬೇಡದ್ದನ್ನು ಹೇಳುತ್ತೇವೆ. ನಾನು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಈ ಎರಡು ವಾಕ್ಯಗಳನ್ನು ಹೇಳಿ ಬಾಯಿ ಮುಚ್ಚುವುದನ್ನೇ ಅಭ್ಯಾಸ ಮಾಡಿದೆ. ಮೊದಲ ಎರಡು ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

ಈಗಿನ ಕೆಲಸದ ಸಂದರ್ಶನ ನಡೆದದ್ದು ಗೋದಾಮಿನಲ್ಲೇ, ಚೀಲಗಳ ಅಟ್ಟಿಯ ಪಕ್ಕ ಹಾಕಿದ್ದ ಕಬ್ಬಿಣದ ಮೇಜಿನ ಎದುರು. ಮಾಲೀಕರು ಬಾಯಿ ಬಿಚ್ಚಿದ ಚೀಲದಿಂದ ಒಂದು ಹಿಡಿ ಮೆಕ್ಕೆಜೋಳ ತೆಗೆದು ನನ್ನ ಅಂಗೈಗೆ ಹಾಕಿ, ‘ತೇವ ಎಷ್ಟಿದೆ ಹೇಳ್ರಿ ನೋಡಾಣ’ ಎಂದರು. ಕಾಳು ತಣ್ಣಗಿತ್ತು, ಬೆರಳಿಗೆ ಹೊಟ್ಟು ಅಂಟಿತು. ಅದಕ್ಕಿಂತ ಹೆಚ್ಚೇನೂ ನನಗೆ ತಿಳಿಯಲಿಲ್ಲ. ‘ಕೈಯಲ್ಲಿ ಹಿಡಿದು ಹೇಳೋದು ಬರಲ್ಲ ಸರ್. ಮೀಟರ್ ಕೊಟ್ರೆ ನೋಡಿ ಹೇಳ್ತೀನಿ, ಲಾರಿ ನಂಬರ್ ಜೊತೆ ಬರೆದೂ ಇಡ್ತೀನಿ. ಅಲ್ಲಿ ಆಯಿಲ್ ಡ್ರಮ್ ಬಂದ್ರೂ ಅಳತೆ ಬರೀದೆ ಒಳಗೆ ಬಿಡ್ತಿರ್ಲಿಲ್ಲ’ ಎಂದೆ. ಖರೀದಿಯಲ್ಲಿ ಶೇ. 14 ತೇವಾಂಶದ ಮಿತಿ ಎಂಬುದನ್ನು ಸೇರಿದ ಮೇಲೆ ಕಲಿತೆ. ಕೈಯಲ್ಲಿ ಹಿಡಿದೇ ಹೇಳಬಲ್ಲ ನಾಲ್ಕು ಜನ ಅವರಲ್ಲಿ ಆಗಲೇ ಇದ್ದರಂತೆ, ಬರೆದಿಡುವವರು ಇರಲಿಲ್ಲವಂತೆ. ಬೇರೆ ಕಸುಬಿಗೆ ಹೋಗುವಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಗೊತ್ತಿರುವುದು ಅಲ್ಲಿ ಎಲ್ಲಿ ಕೂರುತ್ತದೆ ಎಂದು ತೋರಿಸುವುದು ಬಿಟ್ಟರೆ ಬೇರೆ ಉಪಾಯ ನನಗೆ ಕಂಡಿಲ್ಲ.

ಇಂಗ್ಲಿಷಿನ ಭಯ ನಮ್ಮ ಕಡೆಯವರಿಗೆ ಹೆಚ್ಚು. ಪರಿಚಯದ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಲು ಕಲಿತು, ‘ಮುಂದಿನದು ಕನ್ನಡದಲ್ಲಿ ಹೇಳಬಹುದೇ’ ಎಂದು ಕೇಳಿದರೆ ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿಯಲ್ಲಿ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ವಿಡಿಯೊ ಸಂದರ್ಶನಕ್ಕಿಂತ ಎದುರಾಬದುರು ಕೂರುವುದು ವಯಸ್ಸಾದವರಿಗೆ ಅನುಕೂಲ. ಆಯ್ಕೆ ಕೊಟ್ಟರೆ ಬಸ್ಸಿನ ಖರ್ಚು ಹೋದರೂ ಹೋಗಿಬನ್ನಿ.

ಊರೋ, ಬೆಂಗಳೂರೋ

ನಾಲ್ಕನೆಯ ತಿಂಗಳಲ್ಲಿ ನನ್ನ ಕೈಯಲ್ಲಿ ಎರಡು ಅವಕಾಶಗಳಿದ್ದವು. ಬೆಂಗಳೂರಿನ ಗೋದಾಮೊಂದು ವರ್ಷಕ್ಕೆ 5,40,000 ರೂಪಾಯಿ ಸಿ.ಟಿ.ಸಿ. (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದಿತು, ಇಲ್ಲಿಯವರು ಕೈಗೆ 25,000 ಎಂದರು. ಕೇಳಿದವರೆಲ್ಲ ಬೆಂಗಳೂರಿಗೆ ಹೋಗು ಎಂದರು. 5,40,000ವನ್ನು 12ರಿಂದ ಭಾಗಿಸಿದರೆ 45,000 ಬರುತ್ತದೆ ನಿಜ, ಆದರೆ ಸಿ.ಟಿ.ಸಿ.ಯಲ್ಲಿ ಕಂಪನಿ ಕಟ್ಟುವ ಪಿ.ಎಫ್., ಮೂಲ ವೇತನದ ಶೇ. 4.81ರಷ್ಟು ಗ್ರಾಚ್ಯುಟಿ ಎಲ್ಲವೂ ಸೇರಿರುತ್ತವೆ. ಅವನ್ನೂ ನನ್ನ ಪಾಲಿನ ಪಿ.ಎಫ್. ಮತ್ತು ವೃತ್ತಿ ತೆರಿಗೆಯನ್ನೂ ಕಳೆದರೆ ಕೈಗೆ ಬರುವುದು ಸುಮಾರು 40,000. ಅದರಲ್ಲಿ ಊಟ ಸಹಿತ ಪಿ.ಜಿ. 10,000, ನಗರದ ಓಡಾಟ 2,500, ತಿಂಗಳಿಗೆ ಎರಡು ಸಲ ಊರಿಗೆ ಬಂದುಹೋಗಲು 2,800, ಹೊರಗಿನ ತಿಂಡಿ ಮತ್ತು ಚಿಲ್ಲರೆ 3,200. ಮನೆಗೆ ಉಳಿಯುವುದು 21,500. ಇಲ್ಲಿಯ 25,000ದಲ್ಲಿ ಪೆಟ್ರೋಲು, ಚಹಾ ಸೇರಿ 2,200 ಕಳೆದರೆ 22,800. ಅವ್ವನ ಔಷಧವನ್ನೂ ಮಗಳ ಪರೀಕ್ಷೆಯನ್ನೂ ನೋಡಿಕೊಳ್ಳಲು ನಾನು ಮನೆಯಲ್ಲಿರುತ್ತೇನೆ ಎಂಬುದಕ್ಕೆ ಬೆಲೆ ಕಟ್ಟದೆಯೇ ಊರಿನದು ಮೇಲಾಯಿತು.

ಇದೇ ಲೆಕ್ಕ 27 ವರ್ಷದ ಹುಡುಗನಿಗೆ ತಲೆಕೆಳಗಾಗುತ್ತದೆ. ಬೆಂಗಳೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸಿ ಸಂಬಳ ಏರಿಸಿಕೊಳ್ಳಲು ಇರುವ ಅವಕಾಶ ಇಲ್ಲಿಲ್ಲ. ಇಲ್ಲಿ ಹತ್ತು ಕಂಪನಿ ತಿರುಗಿದರೆ ಹನ್ನೊಂದನೆಯದು ಹುಡುಕಲು ಊರು ಬಿಡಬೇಕು. ಅಂಥವನು ಹೋಗಲಿ. ಸುಮಾರು 260 ಕಿಲೋಮೀಟರ್ ದೂರ, ರಾತ್ರಿ ಬಸ್ಸುಗಳಿವೆ, ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುತ್ತದೆ. ಸಂಸಾರ ಸಮೇತ ಹೋಗುವವರು ಮಾತ್ರ ಬಾಡಿಗೆಯ ಜೊತೆಗೆ ಅಡ್ವಾನ್ಸ್ ಹಣವನ್ನೂ ಎಣಿಸಬೇಕು; ಕೆಲಸ ಹೋಗಿ ಬಂದ ಗ್ರಾಚ್ಯುಟಿ ಮನೆ ಮಾಲೀಕರ ಬಳಿ ಹೋಗಿ ಕೂರುವುದನ್ನು ನಾನು ನೋಡಿದ್ದೇನೆ.

ಊರು ಮತ್ತು ಬೆಂಗಳೂರಿನ ನಡುವೆಯೂ ಜಾಗಗಳಿವೆ. ಹರಿಹರ 14 ಕಿಲೋಮೀಟರ್, ದಿನವೂ ಓಡಾಡಬಹುದು. ಚಿತ್ರದುರ್ಗ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಓಡಾಡುವವರು ಇದ್ದಾರೆ, ಆದರೆ ಪಾಳಿ ಕೆಲಸವಾದರೆ ಬೇಡ. ಹುಬ್ಬಳ್ಳಿಗೆ ದಿನವೂ ಹೋಗಿಬರುವುದು ಆಗದ ಮಾತು, ಅಲ್ಲಿ ಕೋಣೆ ಮಾಡಬೇಕು. ಬಾಡಿಗೆ ಬೆಂಗಳೂರಿಗಿಂತ ಹಗುರ.

ಸ್ವಂತ ಅಂಗಡಿಯ ಮಾತು ಎತ್ತುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೆಟ್ಲ್‌ಮೆಂಟ್ ಹಣ ಬಂದ ತಿಂಗಳಲ್ಲೇ ಬೆಣ್ಣೆ ದೋಸೆಗೋ ಮಂಡಕ್ಕಿ ಮಿರ್ಚಿಗೋ ಅದನ್ನು ಸುರಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಈ ಊರಿನಲ್ಲಿ ಆ ಎರಡಕ್ಕೂ ಅಜ್ಜನ ಕಾಲದಿಂದ ಕೈ ಪಳಗಿದವರು ಎದುರಿಗಿದ್ದಾರೆ. ಮನಸ್ಸು ಗಟ್ಟಿ ಮಾಡಿದವರು ಮೊದಲು ಸ್ವಂತ ಉದ್ಯೋಗದ ತರಬೇತಿ ಕೊಡುವ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿಯೊಂದನ್ನು ಮುಗಿಸಲಿ, ಕೇಂದ್ರ ಸರ್ಕಾರದ ಪಿ.ಎಂ.ಇ.ಜಿ.ಪಿ. ಯೋಜನೆಯ ಸಾಲ ಮತ್ತು ಸಹಾಯಧನದ ಬಗ್ಗೆ ಅಲ್ಲೇ ಕೇಳಿ ತಿಳಿಯಲಿ, ಸ್ವಂತ ಹಣ ಕೊನೆಗೆ ಬರಲಿ.

ಕೆಲಸ ಗಟ್ಟಿಯಾದಾಗ ಬಾಯಿಮಾತಿನ ‘ಸೋಮವಾರದಿಂದ ಬನ್ರಿ’ ಎಂಬುದನ್ನು ನಂಬಿ ಉಳಿದ ಸಂದರ್ಶನಗಳನ್ನು ರದ್ದು ಮಾಡಬೇಡಿ. ಸಂಬಳ, ಪಿ.ಎಫ್., ನೋಟಿಸ್ ಅವಧಿ ಬರೆದ ಪತ್ರ ಕೈಗೆ ಬರಲಿ. ಗುತ್ತಿಗೆದಾರರ ಮೂಲಕ ಸೇರುವುದಾದರೆ ಸಂಬಳದ ಚೀಟಿಯಲ್ಲಿ ಯಾರ ಹೆಸರು ಇರುತ್ತದೆ, ಪಿ.ಎಫ್. ಯಾರು ಕಟ್ಟುತ್ತಾರೆ ಎಂದು ಸಹಿ ಹಾಕುವ ಮುಂಚೆ ಕೇಳಿ. ಸೇರುವ ದಿನ ಪಿ.ಎಫ್.ನ 11ನೇ ನಮೂನೆಯ ಘೋಷಣಾ ಪತ್ರ ಕೊಡುತ್ತಾರೆ. ಅದರಲ್ಲಿ ಹಳೆಯ ಯು.ಎ.ಎನ್. ಬರೆದರೆ ಹಿಂದಿನ ಸೇವೆ ಮುಂದಕ್ಕೆ ಸೇರುತ್ತದೆ. ನಾನು ಆ ಖಾನೆಯನ್ನು ಖಾಲಿ ಬಿಟ್ಟಿದ್ದೆ. ನಮ್ಮ ಗುಮಾಸ್ತರು ಕಾಗದವನ್ನು ವಾಪಸ್ ತಂದು ಮೇಜಿನ ಮೇಲಿಟ್ಟು, ‘14 ವರ್ಷ ಎಲ್ಲಿ ಬಿಟ್ ಬಂದ್ರಿ?’ ಎಂದು ಕೇಳಿದರು.